ಎಣ್ಣಿ, ಹುಳ, ಲಕ್ವ: ರೋಗಿಯ ಮಾತನ್ನು ಕೋಡಿಗೆ ಇಳಿಸುವ ಬಗೆ

ರಾಯಚೂರು ಕಡೆ ‘ಎಣ್ಣಿ ಹೊಡೆಯೋದು’ ಅಂದರೆ ಬೆಳೆಗೆ ಕೀಟನಾಶಕ ಸಿಂಪಡಿಸುವುದು. ಬೆಂಗಳೂರು, ಮೈಸೂರು ಕಡೆಯಿಂದ ಬಂದ ಹೊಸ ಡ್ಯೂಟಿ ಡಾಕ್ಟರ ಕಿವಿಗೆ ಅದೇ ಮಾತು ಕುಡಿತ ಎಂದು ಕೇಳಿಸುತ್ತದೆ. ‘ಹತ್ತಿಗೆ ಎಣ್ಣಿ ಹೊಡ್ಯಾಕ ಹೋಗಿದ್ದ್ರಿ, ಸಂಜಿಂದ ವಾಂತಿ’ ಎಂದರೆ ಹತ್ತಿ ಎಂಬ ಒಂದು ಪದ ಕಾಪಾಡುತ್ತದೆ. ‘ಎಣ್ಣಿ ಹೊಡೆದು ಬಂದು ಮಲ್ಕೊಂಡಾನ್ರಿ, ಏಳವಲ್ಲ’ ಎಂದಷ್ಟೇ ಹೇಳಿದರೆ ಕೇಸ್ ಶೀಟಿನಲ್ಲಿ ಆಲ್ಕೊಹಾಲ್ ಎಂದು ಬೀಳುವ ಸಾಧ್ಯತೆಯೇ ಹೆಚ್ಚು. ಕಾಗದದಲ್ಲಾದರೆ ಮುಂದಿನವರು ಅದರ ಮೇಲೆ ಗೀಟು ಎಳೆದು ತಿದ್ದುತ್ತಾರೆ. ಕಂಪ್ಯೂಟರಿನಲ್ಲಿ ಕೋಡ್ ಆಗಿ, ಅಂದರೆ ಆ ಕಾಯಿಲೆಗೆಂದು ಗೊತ್ತುಮಾಡಿದ ಸಂಕೇತ ಸಂಖ್ಯೆಯಾಗಿ ಕೂತರೆ ರೆಫರಲ್ ಚೀಟಿಯ ಜೊತೆ ಜಿಲ್ಲಾ ಆಸ್ಪತ್ರೆಗೆ ಹೋಗುತ್ತದೆ, ತಿಂಗಳ ವರದಿಗೆ ಸೇರುತ್ತದೆ, ರೋಗಿಯ ಆಭಾ ಎಂಬ ಸರ್ಕಾರಿ ಡಿಜಿಟಲ್ ಆರೋಗ್ಯ ಖಾತೆಗೂ ಅಂಟಿಕೊಳ್ಳುತ್ತದೆ.

ಸಿಂಧನೂರು, ಗಂಗಾವತಿ, ಸಂಡೂರು, ಕುಷ್ಟಗಿಯಂಥ ಊರುಗಳ ಸಣ್ಣ ಆಸ್ಪತ್ರೆ, ನರ್ಸಿಂಗ್ ಹೋಮುಗಳಲ್ಲಿ ರೋಗಿಯ ಮಾತನ್ನು ಕೋಡಿಗೆ ಇಳಿಸುವ ಕೆಲಸ ಮಾಡಬೇಕಾದವರಿಗೆ ಈ ಬರಹ. ಓದುವವರು ದಾಖಲೆ ವಿಭಾಗದ ಸಿಬ್ಬಂದಿಯಾಗಿರಬಹುದು, ಸಾಫ್ಟ್‌ವೇರ್ ಬರೆಯುವ ಹುಡುಗರಾಗಿರಬಹುದು. ಇಬ್ಬರೂ ಒಟ್ಟಿಗೆ ಕೂತು ಮಾಡಬೇಕಾದ ಕೆಲಸ ಇದು. ವಾರಕ್ಕೆ ಒಂದೆರಡು ತಾಸು ಡಾಕ್ಟರನ್ನೂ ಕೂರಿಸಿಕೊಳ್ಳಬೇಕು. ಅವರಿಲ್ಲದೆ ತಯಾರಾದ ಪಟ್ಟಿ ಕೆಲಸಕ್ಕೆ ಬರುವುದಿಲ್ಲ.

ಯಾವ ಕೋಡ್ ಯಾತಕ್ಕೆ

ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಗಳ ಮಾನದಂಡ ಹೊರಡಿಸಿ, 2016ರಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ ರೋಗ, ಲಕ್ಷಣ, ಶಸ್ತ್ರಚಿಕಿತ್ಸೆಗಳಿಗೆ ಸ್ನೋಮೆಡ್ ಸಿಟಿ ಎಂಬ ಕೋಡ್ ಪದ್ಧತಿ, ಲ್ಯಾಬ್ ಪರೀಕ್ಷೆಗಳಿಗೆ ಲಾಯಿಂಕ್, ಅಂಕಿಅಂಶದ ವರ್ಗೀಕರಣಕ್ಕೆ ಐಸಿಡಿ 10. ಇವು ಒಂದರ ಬದಲಿಗೆ ಇನ್ನೊಂದಲ್ಲ. ಸ್ನೋಮೆಡ್‌ನಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿವೆ, ಡಾಕ್ಟರು ಬರೆದದ್ದನ್ನು ಬರೆದಷ್ಟೇ ಸೂಕ್ಷ್ಮವಾಗಿ ಹಿಡಿದಿಡುತ್ತದೆ. ಐಸಿಡಿ ಎಂದರೆ ಡಬ್ಬಗಳು: ಎಣಿಸಲು ಅನುಕೂಲವಾಗಲಿ ಎಂದು ಹಲವು ಕಾಯಿಲೆಗಳನ್ನು ಒಂದೇ ಡಬ್ಬಕ್ಕೆ ಹಾಕುತ್ತದೆ. ಹಾಗಾಗಿ ಸ್ನೋಮೆಡ್‌ನಲ್ಲಿ ಬರೆದು ಐಸಿಡಿಗೆ ಇಳಿಸಬಹುದು. ಐಸಿಡಿಯಿಂದ ಸ್ನೋಮೆಡ್‌ಗೆ ಏರಲು ಹೋದರೆ ಇಲ್ಲದ ವಿವರವನ್ನು ನೀವೇ ಊಹಿಸಿ ತುಂಬಿದಂತೆ.

ಭಾರತ 2014ರಲ್ಲಿ ಸ್ನೋಮೆಡ್ ಸಂಸ್ಥೆಯ ಸದಸ್ಯ ರಾಷ್ಟ್ರವಾದ ಕಾರಣ ಇಲ್ಲಿ ಬಳಸಲು ಶುಲ್ಕವಿಲ್ಲ. ಆದರೆ ಲೈಸೆನ್ಸ್ ಬೇಕು. ಪುಣೆಯ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್ ಎಂಬ ರಾಷ್ಟ್ರೀಯ ಕೇಂದ್ರದ ಜಾಲತಾಣದಿಂದ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಆರ್‌ಎಫ್2 ಎಂಬ ರೂಪದಲ್ಲಿರುವ ಸ್ನೋಮೆಡ್ ಫೈಲುಗಳನ್ನು ಇಳಿಸಿಕೊಳ್ಳಿ. ಭಾರತದ ಔಷಧಗಳ ವಿಸ್ತರಣೆಯೂ ಅಲ್ಲೇ ಸಿಗುತ್ತದೆ. ಬರೀ ಹುಡುಕಿ ನೋಡುವುದಕ್ಕೆ ಸ್ನೋಮೆಡ್ ಇಂಟರ್‌ನ್ಯಾಷನಲ್‌ನ ಆನ್‌ಲೈನ್ ಬ್ರೌಸರ್ ಸಾಕು.

ಮೊದಲು ರಿಜಿಸ್ಟರ್, ಆಮೇಲೆ ಸಾಫ್ಟ್‌ವೇರ್

ಮೂರೂವರೆ ಲಕ್ಷ ಪದಗಳನ್ನೂ ಡಾಕ್ಟರ ಮುಂದಿನ ಸರ್ಚ್ ಡಬ್ಬಿಗೆ ಸುರಿಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ‘ಫೀವರ್’ ಎಂದು ಟೈಪ್ ಮಾಡಿದರೆ ಹಳದಿ ಜ್ವರದಿಂದ ಹಿಡಿದು ಈ ಸೀಮೆಯಲ್ಲಿ ಯಾರೂ ಕಂಡಿರದ ಜ್ವರಗಳೆಲ್ಲ ಸಾಲುಗಟ್ಟುತ್ತವೆ. ಸೋಮವಾರದ ಒಪಿಡಿಯಲ್ಲಿ ಬಾಗಿಲಾಚೆ ಜನ ನಿಂತಿರುವಾಗ ಡಾಕ್ಟರು ಮೊದಲು ಕಂಡದ್ದನ್ನೇ ಒತ್ತುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ.

ಬದಲಿಗೆ ನಿಮ್ಮದೇ ಒಪಿಡಿ ರಿಜಿಸ್ಟರಿನ ಕೊನೆಯ ಮೂರು ತಿಂಗಳ ಪುಟ ತೆಗೆಯಿರಿ. ಬೇಸಿಗೆಯದ್ದೊಂದು ತಿಂಗಳು, ಮಳೆಗಾಲದ್ದೊಂದು ಸೇರಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಡೆಂಗಿ, ಹಾವು ಕಡಿತ, ಸಿಂಪಡಣೆ ವಿಷಬಾಧೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ದೂರು ಮತ್ತು ರೋಗನಿರ್ಣಯದ ಕಾಲಮ್ಮಿನಲ್ಲಿರುವುದನ್ನು ಬರೆದಂತೆಯೇ, ಕಾಗುಣಿತವನ್ನೂ ತಿದ್ದದೆ ಎತ್ತಿ ಬರೆದುಕೊಂಡು ಎಣಿಸಿ. ಇನ್ನೂರರ ಆಸುಪಾಸಿನ ಪದಗಳಲ್ಲಿ ಸಾಮಾನ್ಯ ಒಪಿಡಿಯ ಬಹುಪಾಲು ಮುಗಿಯುತ್ತದೆ. ಅದೇ ನಿಮ್ಮ ಕಿರುಪಟ್ಟಿ. ಉಳಿದದ್ದಕ್ಕೆ ಪೂರ್ಣ ಹುಡುಕಾಟ ಎರಡನೇ ಬಟನ್ನಿನ ಹಿಂದೆ ಇರಲಿ.

ಪಟ್ಟಿಯಲ್ಲಿ ಪ್ರತಿ ಪದಕ್ಕೂ ಐದು ಕಾಲಮ್ ಬೇಕು: ರೋಗಿ ಹೇಳುವ ಮಾತು, ಡಾಕ್ಟರು ಬರೆಯುವ ಪದ, ಸ್ನೋಮೆಡ್ ಸಂಖ್ಯೆ, ಅದರ ಪೂರ್ಣ ಹೆಸರು, ಒಪ್ಪಿದ ಡಾಕ್ಟರ ಸಹಿ ಮತ್ತು ದಿನಾಂಕ. ಮೊದಲ ಕಾಲಮ್ಮನ್ನು ಬಿಡಬೇಡಿ. ಕಾಮಾಲಿ, ಕಾಮಣಿ, ಕಾಮಾಲೆ ಮೂರೂ ಬರೆಯಿರಿ. ರಾಯಚೂರು, ಬಳ್ಳಾರಿ ಗಡಿಯ ಊರುಗಳಾದರೆ ತೆಲುಗು ಮಾತೂ ಇರಲಿ.

ಕನ್ನಡ ಪದಗಳನ್ನು ಯುನಿಕೋಡಿನಲ್ಲೇ ಟೈಪ್ ಮಾಡಿ. ಹಳೇ ನುಡಿ ಫಾಂಟಿನ ಪಟ್ಟಿಯನ್ನು ಹಾಗೇ ಅಂಟಿಸಿದರೆ ಡೇಟಾಬೇಸಿನಲ್ಲಿ ಬರೀ ಲ್ಯಾಟಿನ್ ಚಿಹ್ನೆಗಳ ಗೊಂಚಲು ಕೂರುತ್ತದೆ, ಹುಡುಕಿದರೆ ಒಂದೂ ಸಿಗುವುದಿಲ್ಲ. ಯುನಿಕೋಡಿನಲ್ಲೂ ಒಂದು ಕಿರಿಕಿರಿ ಇದೆ. ‘ಹೊಟ್ಟೆ’ಯ ‘ಹೊ’ ಕೆಲವು ಕೀಬೋರ್ಡುಗಳಿಂದ ಒಂದೇ ಸ್ವರಚಿಹ್ನೆಯಾಗಿ, ಕೆಲವುಗಳಿಂದ ಎರಡು ಚಿಹ್ನೆಗಳ ಜೋಡಿಯಾಗಿ ಬರುತ್ತದೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ (ಜೋಡಿಯನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಯುನಿಕೋಡ್ ರೂಪ) ತಂದುಕೊಂಡರೆ ಈ ಕಾಟ ತಪ್ಪುತ್ತದೆ.

ಸರಿಯಾದ ಪರಿಕಲ್ಪನೆ ಆರಿಸುವುದು

ಪ್ರತಿ ಪರಿಕಲ್ಪನೆಗೂ ಒಂದು ಪೂರ್ಣ ಹೆಸರು, ಅದರ ಕೊನೆಗೆ ಆವರಣದಲ್ಲಿ ಒಂದು ಗುರುತು ಇರುತ್ತದೆ: ಡಿಸಾರ್ಡರ್ (ರೋಗ), ಫೈಂಡಿಂಗ್ (ಕಂಡದ್ದು), ಪ್ರೊಸೀಜರ್ (ಮಾಡಿದ ಚಿಕಿತ್ಸೆ), ಸಿಚುಯೇಶನ್ (ಸನ್ನಿವೇಶ) ಹೀಗೆ. ಕೋಡ್ ಒತ್ತುವ ಮುನ್ನ ಈ ಗುರುತನ್ನು ಓದಿ. ಕಾಮಾಲಿ ಎಂದರೆ ಕಣ್ಣು, ಮೈ ಹಳದಿಯಾಗಿರುವುದು. ಅದು ಕಂಡದ್ದು, 18165001. ಡಾಕ್ಟರು ವೈರಲ್ ಹೆಪಟೈಟಿಸ್ ಎಂದು ತೀರ್ಮಾನಿಸಿದಾಗ ಮಾತ್ರ 3738000. ಪಿತ್ತಕೋಶದ ಕಲ್ಲಿನಿಂದ ಹಳದಿಯಾದವರನ್ನೂ ಹೆಪಟೈಟಿಸ್‌ಗೆ ಸೇರಿಸಿದರೆ, ಊರಿನ ನೀರು ಕೆಟ್ಟಿದೆಯೇನೋ ಎಂದು ಸರ್ವೇಕ್ಷಣೆಯವರು ಓಡಿಬರುತ್ತಾರೆ.

ಲಕ್ವ ಇನ್ನೂ ಸಡಿಲ ಪದ. ಒಂದು ಪಕ್ಕದ ಕೈಕಾಲು ಬಿದ್ದಿದ್ದರೆ ಹೆಮಿಪ್ಲೀಜಿಯಾ, 50582007. ಅದಕ್ಕೆ ಕಾರಣ ಮೆದುಳಿನ ಸ್ಟ್ರೋಕ್ ಎಂದು ಗೊತ್ತಾದರೆ 230690007. ಬಾಯಿ ಸೊಟ್ಟಗಾಗಿ, ಒಂದು ಕಣ್ಣು ಮುಚ್ಚದೆ, ಕೈಕಾಲು ಗಟ್ಟಿಯಿದ್ದರೆ ಅದು ಬೆಲ್ಸ್ ಪಾಲ್ಸಿ, 193093009. ಮನೆಯವರು ಮೂರಕ್ಕೂ ‘ಲಕ್ವಾ ಹೊಡದೈತಿ’ ಎನ್ನುತ್ತಾರೆ. ಆದ್ದರಿಂದ ಲಕ್ವ ಎಂದು ಟೈಪ್ ಮಾಡಿದರೆ ನೇರ ಒಂದು ಕೋಡಿಗೆ ಹೋಗದೆ ಈ ಮೂರೂ ಆಯ್ಕೆ ಕಾಣುವಂತೆ ಪಟ್ಟಿ ಕಟ್ಟಿ. ಎರಡರ್ಥದ ಪದಕ್ಕೆ ಒಂದೇ ಕೋಡ್ ಕಟ್ಟಿಹಾಕುವುದಕ್ಕಿಂತ ಅದನ್ನು ಪಟ್ಟಿಯಿಂದ ಬಿಡುವುದೇ ವಾಸಿ.

ಇನ್ನು ಎಣ್ಣಿ. ಇಲ್ಲಿ ನೋಂದಣಿ ಕೌಂಟರಿನ ಒಂದು ಪ್ರಶ್ನೆ ಎಲ್ಲವನ್ನೂ ತೀರ್ಮಾನಿಸುತ್ತದೆ: ‘ಯಾವ ಎಣ್ಣಿ ರೀ ಅಣ್ಣಾರ, ಡಬ್ಬಿ ತಂದೀರೇನು?’ ಡಬ್ಬಿಯ ಮೇಲಿನ ರಾಸಾಯನಿಕದ ಹೆಸರನ್ನು ಬರೆದುಕೊಳ್ಳಿ, ಬ್ರಾಂಡ್ ಹೆಸರಷ್ಟೇ ಸಾಲದು. ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಆದರೆ ಐಸಿಡಿಯಲ್ಲಿ ಟಿ60.0. (ಇಲ್ಲಿ ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಸಾಫ್ಟ್‌ವೇರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರವೇ ಇರಬೇಕು.) ವಿಷಬಾಧೆಗೆ ಒಂದೇ ಕೋಡ್ ಅರ್ಧ ಕೆಲಸ. ಹೇಗಾಯಿತು ಎಂಬ ಎರಡನೆಯದೂ ಬೇಕು: ಸಿಂಪಡಿಸುವಾಗ ಅಕಸ್ಮಾತ್ ಆದದ್ದು ಎಕ್ಸ್48, ತಾನಾಗಿ ಸೇವಿಸಿದ್ದು ಎಕ್ಸ್68, ಗೊತ್ತಿಲ್ಲದಿದ್ದರೆ ವೈ18. ಈ ಎರಡನೇ ಕೋಡನ್ನು ಕೌಂಟರಿನವರು ಊಹೆಯಿಂದ ತುಂಬಲೇಬಾರದು. ಡಾಕ್ಟರು ಬರೆಯದಿದ್ದರೆ ವೈ18 ಇರಲಿ, ಆಮೇಲೆ ತಿದ್ದಬಹುದು. ಕುಡಿತದ ನಶೆಯ ಎಫ್10.0 ಇವುಗಳ ಹತ್ತಿರವೂ ಸುಳಿಯದಂತೆ ಪಟ್ಟಿಯಲ್ಲಿ ‘ಎಣ್ಣಿ – ಹೊಲದ್ದು’, ‘ಎಣ್ಣಿ – ಕುಡಿತ’ ಎಂದು ಎರಡು ಸಾಲು ಮಾಡಿ.

‘ಹುಳ ಮುಟ್ಟೈತಿ’ ಎಂಬುದೂ ಹಾಗೇ. ಹಾವಿನ ಹೆಸರು ಬಾಯಲ್ಲಿ ತರಬಾರದೆಂದು ಹುಳ ಎನ್ನುತ್ತಾರೆ, ಆದರೆ ಕಿವಿಗೆ ಹೊಕ್ಕ ಹುಳವೂ ಹುಳವೇ, ಮಗುವಿನ ಹೊಟ್ಟೆಯ ಹುಳವೂ ಹುಳವೇ. ಹಾವಿನ ವಿಷ ಏರಿದ್ದರೆ ಟಿ63.0 ಮತ್ತು ಎಕ್ಸ್20. ವಿಷವಿಲ್ಲದ ಹಾವೆಂದು ಖಾತ್ರಿಯಾದರೆ ಗಾಯದ ಕೋಡಿನ ಜೊತೆ ಡಬ್ಲ್ಯು59. ಚೇಳು ಟಿ63.2 ಮತ್ತು ಎಕ್ಸ್22. ಹಾವು ಕಡಿತದಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಫಲಿತಾಂಶವನ್ನು ರೋಗನಿರ್ಣಯದ ಡಬ್ಬಿಗೆ ತುರುಕಬೇಡಿ. ಅದು ಮತ್ತೆ ಮತ್ತೆ ಮಾಡುವ ಪರೀಕ್ಷೆ, ಪ್ರತಿಯೊಂದೂ ಮಾಡಿದ ಸಮಯದ ಜೊತೆ ಬೇರೆ ಸಾಲಾಗಿ ಇರಬೇಕು.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಪಟ್ಟಿಗೆ ಸೇರಲೇಬೇಕಾದ, ಬೇರೆಡೆಯ ಸಿದ್ಧ ಪಟ್ಟಿಗಳಲ್ಲಿ ಸಿಗದ ಇನ್ನೆರಡು ಗುಂಪುಗಳಿವೆ. ಕೊಳವೆಬಾವಿಯ ಫ್ಲೋರೈಡಿನಿಂದ ಹಲ್ಲು ಕಂದುಗಟ್ಟುವುದು ಕೆ00.3, ಮೂಳೆಗೆ ಇಳಿದರೆ ಎಂ85.1. ಸ್ನೋಮೆಡ್‌ನಲ್ಲೂ ಹಲ್ಲಿನದು ಬೇರೆ, ಮೂಳೆಯದು ಬೇರೆ. ಬರೀ ‘ಫ್ಲೋರೋಸಿಸ್’ ಎಂದು ಬಿಡಬೇಡಿ. ಗಣಿ ಮತ್ತು ಕಲ್ಲುಪುಡಿ ಕೆಲಸದವರ ಸಿಲಿಕೋಸಿಸ್ ಜೆ62.8, ಕಬ್ಬಿಣದ ಧೂಳಿನ ಸಿಡೆರೋಸಿಸ್ ಜೆ63.4. ಸಿಲಿಕೋಸಿಸ್ ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಸಂಡೂರಿನ ಕೆಮ್ಮಿಗೆಲ್ಲ ಅದನ್ನು ಹಾಕುವಂತಿಲ್ಲ, ಎಕ್ಸ್‌ರೇ ನೋಡಿ ಡಾಕ್ಟರು ಬರೆದ ಮೇಲೆ ಬಿಡುವಂತೆಯೂ ಇಲ್ಲ. ಅಲ್ಲಿಯವರೆಗೆ ಕೆಮ್ಮು, 49727002, ಜೊತೆಗೆ ಏನು ಕೆಲಸ, ಎಷ್ಟು ವರ್ಷ ಎಂಬುದು.

ಇಲ್ಲ, ಇರಬಹುದು, ಅಪ್ಪನಿಗಿತ್ತು

ಡಾಕ್ಟರು ‘ಜ್ವರ ಇಲ್ಲ’ ಎಂದು ಬರೆದಿದ್ದನ್ನು ಯಂತ್ರ ಜ್ವರ ಎಂದು ಹಿಡಿದು 386661006 ಹಾಕಿಬಿಡುವುದು ಟೆಕ್ಸ್ಟ್‌ನಿಂದ ತಾನಾಗಿ ಕೋಡ್ ತೆಗೆಯುವ ತಂತ್ರಾಂಶಗಳ ಹಳೇ ಚಟ. ‘ಇಲ್ಲ’ ಎಂಬುದು ಕೋಡಿನೊಳಗೆ ಇರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಹೇಳಬೇಕು. ಆಭಾ ಜೊತೆ ದಾಖಲೆ ಹಂಚಿಕೊಳ್ಳುವ ಎಫ್‌ಎಚ್‌ಐಆರ್ ಆರ್4 ರೂಪದಲ್ಲಿ ಇದಕ್ಕೆಂದೇ ಖಚಿತತೆಯ ಒಂದು ಕ್ಷೇತ್ರವಿದೆ: ಪ್ರೊವಿಷನಲ್ (ತಾತ್ಕಾಲಿಕ), ಕನ್‌ಫರ್ಮ್ಡ್ (ಖಚಿತ), ರಿಫ್ಯೂಟೆಡ್ (ಅಲ್ಲವೆಂದು ತಳ್ಳಿಹಾಕಿದ್ದು) ಇತ್ಯಾದಿ. ವಿಡಾಲ್ ರಕ್ತಪರೀಕ್ಷೆ ಒಂದನ್ನೇ ನೋಡಿ ಬರೆದ ಟೈಫಾಯ್ಡ್, 4834000, ಪ್ರೊವಿಷನಲ್ ಆಗಿ ಇರಬೇಕು. ಕಲ್ಚರ್ ಬಂದ ಮೇಲೆ ಅದೇ ಸಾಲನ್ನು ತಿದ್ದಬೇಕು, ಹೊಸ ಸಾಲು ಸೇರಿಸಿದರೆ ಒಬ್ಬನಿಗೇ ಎರಡು ಟೈಫಾಯ್ಡ್.

‘ಅಪ್ಪಗ ಸಕ್ಕರಿ ಐತ್ರಿ’ ಎಂದರೆ ರೋಗಿಗೆ 73211009 ಹಾಕುವುದಲ್ಲ, ಮನೆತನದ ಮಧುಮೇಹಕ್ಕೆ ಬೇರೆಯೇ ಸಂಖ್ಯೆ ಇದೆ, 160303001. ಅಲರ್ಜಿಯ ಕಾಲಮ್ ಖಾಲಿ ಬಿಡುವುದೂ ತಪ್ಪೇ. ಖಾಲಿ ಎಂದರೆ ಕೇಳಿಲ್ಲ ಎಂದರ್ಥ. ಕೇಳಿ, ಇಲ್ಲ ಎಂದಿದ್ದರೆ 716186003. ಪೆನಿಸಿಲಿನ್ ಅಲರ್ಜಿ ಇದ್ದರೆ 91936005.

ಲ್ಯಾಬ್: ಸಂಖ್ಯೆಗಿಂತ ಯೂನಿಟ್ ಕಾಡುತ್ತದೆ

ಚೀಟಿಯಲ್ಲಿ ‘ಶುಗರ್ 180’ ಎಂದಷ್ಟೇ ಇದ್ದರೆ ಕೋಡ್ ಮಾಡಲು ಬರುವುದಿಲ್ಲ. ಖಾಲಿ ಹೊಟ್ಟೆಯ ಸೀರಮ್ ಅಥವಾ ಪ್ಲಾಸ್ಮಾ ಆದರೆ 1558-6, ಊಟವಾಗಿ ಎರಡು ತಾಸಿಗೆ 1521-4, ಯಾವಾಗಲೋ ತೆಗೆದದ್ದು 2345-7, ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡಿದ್ದು 41653-7. ಎಚ್‌ಬಿಎ1ಸಿ 4548-4, ಹಿಮೋಗ್ಲೋಬಿನ್ 718-7, ಕ್ರಿಯಾಟಿನಿನ್ 2160-0. ಬಿಪಿಯನ್ನು ‘140/90’ ಎಂದು ಒಂದೇ ಡಬ್ಬಿಯಲ್ಲಿ ಬರೆಯದೆ ಮೇಲಿನದು 8480-6, ಕೆಳಗಿನದು 8462-4 ಎಂದು ಒಡೆಯಿರಿ. ಕೊನೆಯ ಅಡ್ಡಗೆರೆ ಮತ್ತು ಅದರ ಮುಂದಿನ ಅಂಕಿ ಲಾಯಿಂಕ್ ಕೋಡಿನದೇ ಭಾಗ, ತಪ್ಪು ಹಿಡಿಯಲು ಇಟ್ಟದ್ದು. ಚೊಕ್ಕ ಮಾಡುತ್ತೇವೆಂದು ಕತ್ತರಿಸಬೇಡಿ.

ಪ್ಲೇಟ್‌ಲೆಟ್ ವಿಷಯದಲ್ಲಿ ನಮ್ಮ ಲ್ಯಾಬುಗಳ ರೂಢಿಯೇ ಬೇರೆ: ಲಕ್ಷದಲ್ಲಿ ಬರೆಯುತ್ತಾರೆ. 1.5 ಎಂದರೆ ಒಂದೂವರೆ ಲಕ್ಷ. ಸಾಫ್ಟ್‌ವೇರಿನ ಯೂನಿಟ್ ಸಾವಿರದ್ದಾಗಿದ್ದು, ಸಿಬ್ಬಂದಿ ಚೀಟಿ ನೋಡಿ 1.5 ಎಂದೇ ಹೊಡೆದರೆ ದಾಖಲಾಗುವುದು ಮೈಕ್ರೋಲೀಟರಿಗೆ ಬರೀ 1,500. ಆ ದಾಖಲೆ ಹಿಡಿದು ಡೆಂಗಿ ರೋಗಿ ಬಳ್ಳಾರಿಗೋ ರಾಯಚೂರಿಗೋ ತಲುಪಿದಾಗ ಏನು ಗಾಬರಿಯಾಗಬಹುದು ಯೋಚಿಸಿ. ಪರದೆಯ ಮೇಲೆ ಲಕ್ಷದಲ್ಲೇ ಬರೆಯಲು ಬಿಟ್ಟು, ಒಳಗೆ ನೂರರಿಂದ ಗುಣಿಸಿ 150 ಸಾವಿರ ಎಂದು ಉಳಿಸಿ. ಗುಣಿಸಿದ ಮೇಲೆ 10 ಸಾವಿರಕ್ಕಿಂತ ಕಡಿಮೆ ಬಂದರೆ ಉಳಿಸುವ ಮುನ್ನ ಒಮ್ಮೆ ಕೇಳುವಂತೆ ಮಾಡಿ. ಯಂತ್ರದ ಎಣಿಕೆ 777-3, ಹೇಗೆ ಎಣಿಸಿದರೆಂದು ಗೊತ್ತಿಲ್ಲದಿದ್ದರೆ 26515-7. ಯೂನಿಟ್‌ಗಳನ್ನು ಯುಕಮ್ ಪದ್ಧತಿಯಲ್ಲೇ ಬರೆಯಬೇಕು. ಅದರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ ಅಲ್ಲ, ಬಿಪಿಯ ಪಾದರಸದ ಗುರುತು ಚೌಕ ಆವರಣದೊಳಗೇ ಇರಬೇಕು.

ಎಕ್ಸೆಲ್ ಎಂಬ ಶತ್ರು

ಸ್ನೋಮೆಡ್ ಸಂಖ್ಯೆ 6ರಿಂದ 18 ಅಂಕಿಯವರೆಗೆ ಇರಬಹುದು. ಎಕ್ಸೆಲ್ 15 ಅಂಕಿಗಳನ್ನಷ್ಟೇ ನೆನಪಿಟ್ಟುಕೊಂಡು ಉಳಿದದ್ದಕ್ಕೆ ಸೊನ್ನೆ ತುಂಬುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಉದಾಹರಣೆಗೆ, ‘ಪೂರ್ಣ ಹೆಸರು’ ಎಂಬ ಬಗೆಗೇ ಸ್ನೋಮೆಡ್ ಕೊಟ್ಟ ಸಂಖ್ಯೆ 900000000000003001. ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು ಉಳಿಸಿದರೆ ಅದು 900000000000003000 ಆಗಿರುತ್ತದೆ. ಭಾರತದ ವಿಸ್ತರಣೆಯ ಸಂಖ್ಯೆಗಳಲ್ಲಿ ಏಳು ಅಂಕಿಯ ನೇಮ್‌ಸ್ಪೇಸ್ (ಹೊರಡಿಸಿದ ಸಂಸ್ಥೆಯ ಗುರುತು) ಸೇರುವುದರಿಂದ ಅವೂ ಉದ್ದ, ಅವಕ್ಕೂ ಇದೇ ಗತಿ ಬರಬಹುದು. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಕಾಲಮ್ಮನ್ನು ಟೆಕ್ಸ್ಟ್ ಎಂದು ಆರಿಸಿ. ಐಸಿಡಿ 11 ಕಡೆ ಕಣ್ಣು ಹಾಕಿದವರಿಗೆ ಇನ್ನೊಂದು ಬಲೆ: ಅದರಲ್ಲಿ ಸೀತಾಳೆ ಸಿಡುಬಿನ ಕೋಡ್ 1ಇ90. ಎಕ್ಸೆಲ್ ಅದನ್ನು ಒಂದರ ಮುಂದೆ ತೊಂಬತ್ತು ಸೊನ್ನೆ ಎಂದು ಓದುತ್ತದೆ.

ಡೇಟಾಬೇಸಿನಲ್ಲೂ ಕೋಡನ್ನು ಅಕ್ಷರಮಾಲೆಯಾಗಿಯೇ ಇಡಿ. ಸರ್ವರಿನಲ್ಲಿ ದೊಡ್ಡ ಪೂರ್ಣಾಂಕ ಸರಿಯಾಗಿ ಕೂತರೂ ಜಾವಾಸ್ಕ್ರಿಪ್ಟ್ 9007199254740991ರ ಆಚೆಯ ಸಂಖ್ಯೆಗಳನ್ನು ನಂಬಿಕೆಯಿಂದ ಹಿಡಿದಿಡುವುದಿಲ್ಲ, ಪರದೆಗೆ ಬರುವಷ್ಟರಲ್ಲಿ ಕೊನೆಯ ಅಂಕಿ ಬದಲಾಗಿರಬಹುದು. ಸಂಖ್ಯೆಯ ಕೊನೆಯ ಅಂಕಿ ವೆರ್ಹೂಫ್ ವಿಧಾನದ ತಾಳೆ ಅಂಕಿ. ಕೈಯಿಂದ ಟೈಪ್ ಮಾಡಿದ್ದಕ್ಕೆಲ್ಲ ಈ ತಾಳೆ ಓಡಿಸಿದರೆ ಒಂದಂಕಿಯ ತಪ್ಪು, ಪಕ್ಕದ ಅಂಕಿಗಳ ಅದಲುಬದಲು ಸಿಕ್ಕಿಬೀಳುತ್ತವೆ.

ಆರ್‌ಎಫ್2 ಫೈಲುಗಳು ಟ್ಯಾಬಿನಿಂದ ಬೇರ್ಪಟ್ಟ ಸಾದಾ ಟೆಕ್ಸ್ಟ್. ಪದಗಳ ಒಳಗೇ ಉದ್ಧರಣ ಚಿಹ್ನೆಗಳಿರುತ್ತವೆ. ಸಾಮಾನ್ಯ ಸಿಎಸ್‌ವಿಯಂತೆ ಲೋಡ್ ಮಾಡಿದರೆ ಒಂದು ಚಿಹ್ನೆಯಿಂದ ಇನ್ನೊಂದರವರೆಗೆ ನೂರಾರು ಸಾಲು ಒಂದೇ ಸಾಲಾಗಿ ನುಂಗಿಹೋಗುತ್ತವೆ. ಉದ್ಧರಣ ಚಿಹ್ನೆಗೆ ಬೆಲೆ ಕೊಡಬೇಡ ಎಂದು ಹೇಳಿಯೇ ಲೋಡ್ ಮಾಡಿ, ಸಾಲುಗಳನ್ನು ಎಣಿಸಿ ತಾಳೆ ನೋಡಿ. ‘ಫುಲ್’ ಅಲ್ಲ, ‘ಸ್ನ್ಯಾಪ್‌ಶಾಟ್’ ತೆಗೆದುಕೊಳ್ಳಿ. ಫುಲ್‌ನಲ್ಲಿ ಪ್ರತಿ ಪದದ ಹಳೇ ಅವತಾರಗಳೂ ಇರುತ್ತವೆ.

ಐಸಿಡಿಗೆ ಇಳಿಸುವಾಗ, ವರದಿ ತೆಗೆಯುವಾಗ

ಗೂಗಲ್ಲಿನಲ್ಲಿ ಐಸಿಡಿ ಕೋಡ್ ಹುಡುಕಿದರೆ ಮೊದಲು ಬರುವುದು ಅಮೆರಿಕದ ಪರಿಷ್ಕೃತ ಆವೃತ್ತಿ. ಇ11.65 ಎಂಬಂಥ ಕೋಡ್, ಕೊನೆಗೆ ಅಕ್ಷರ ಅಂಟಿದ ಏಳು ಸ್ಥಾನದ ಮುರಿತದ ಕೋಡ್ ಕಂಡರೆ ಅದು ಅಲ್ಲಿಯದೇ. ನಮಗೆ ಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯದು. ಡೆಂಗಿಗೆ ಅಮೆರಿಕದ ತಾಣಗಳಲ್ಲಿ ಇನ್ನೂ ಎ90, ಎ91 ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅವು ಹೋಗಿ ಎ97 ಬಂದಿದೆ: ಎಚ್ಚರಿಕೆ ಲಕ್ಷಣಗಳಿಲ್ಲದ್ದು ಎ97.0, ಇರುವುದು ಎ97.1, ತೀವ್ರವಾದದ್ದು ಎ97.2. ಸ್ನೋಮೆಡ್‌ನಿಂದ ಐಸಿಡಿ 10ಕ್ಕೆ ಸಿದ್ಧ ನಕ್ಷೆ ಬಿಡುಗಡೆಯ ಜೊತೆಗೇ ಬರುತ್ತದೆ. ಆದರೆ ಕೆಲವು ಸಾಲುಗಳಿಗೆ ವಯಸ್ಸು, ಲಿಂಗದ ಷರತ್ತು ಇರುತ್ತದೆ. ಮೊದಲ ಸಾಲನ್ನೇ ಎತ್ತಿಕೊಳ್ಳುವ ಪ್ರೋಗ್ರಾಂ ಬರೆದರೆ ಷರತ್ತು ಗಾಳಿಗೆ ಹೋಯಿತು.

ತಿಂಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ವರದಿಗೆ ಮಧುಮೇಹಿಗಳನ್ನು ಎಣಿಸುವಾಗ ಟೈಪ್ 2 ಮಧುಮೇಹದ 44054006ಕ್ಕೆ ಸಮ ಎಂದು ಹುಡುಕಿದರೆ, ಮೂತ್ರಪಿಂಡದ ತೊಂದರೆ ಇರುವ ಮಧುಮೇಹ ಎಂದು ಸೂಕ್ಷ್ಮವಾಗಿ ಬರೆದವರೆಲ್ಲ ಬಿಟ್ಟುಹೋಗುತ್ತಾರೆ. ಚೆನ್ನಾಗಿ ಬರೆದ ಡಾಕ್ಟರ ರೋಗಿಗಳೇ ಲೆಕ್ಕಕ್ಕೆ ಸಿಗದಂತಾಗುತ್ತದೆ. ಮಧುಮೇಹದ 73211009 ಮತ್ತು ಸ್ನೋಮೆಡ್ ಶ್ರೇಣಿಯಲ್ಲಿ ಅದರ ಕೆಳಗೆ ಬರುವ ಉಪಬಗೆಗಳೆಲ್ಲವನ್ನೂ ಕೇಳಿ, ಗರ್ಭಿಣಿಯರ ಮಧುಮೇಹ 11687002ನ್ನು ಮತ್ತು ಅದರ ಕೆಳಗಿನದನ್ನು ಕಳೆಯಿರಿ.

ದಾಖಲೆಯ ಒಂದು ಸಾಲಿನಲ್ಲಿ ಏನಿರಬೇಕು

ಯಾವ ಪದ್ಧತಿಯ ಕೋಡ್, ಅದರ ಯಾವ ಬಿಡುಗಡೆ, ಕೋಡ್, ಅದರ ಹೆಸರು, ಮತ್ತು ಡಾಕ್ಟರು ಬರೆದ ಮೂಲ ಮಾತು. ಕೊನೆಯದು ಅನಗತ್ಯವೆಂದು ಸಾಫ್ಟ್‌ವೇರಿನವರು ವಾದಿಸುತ್ತಾರೆ, ಬಗ್ಗಬೇಡಿ. ‘ಎಣ್ಣಿ ಹೊಡೆದು ವಾಂತಿ’ ಎಂಬ ಮೂಲ ಮಾತು ಉಳಿದಿದ್ದರೆ ಆರು ತಿಂಗಳ ನಂತರವೂ ತಪ್ಪು ಕೋಡ್ ಪತ್ತೆಯಾಗುತ್ತದೆ. ಅದಿಲ್ಲದಿದ್ದರೆ ತಪ್ಪು ಕೋಡೇ ಸತ್ಯ.

ಅಂತರರಾಷ್ಟ್ರೀಯ ಆವೃತ್ತಿ 2022ರಿಂದ ಪ್ರತಿ ತಿಂಗಳೂ ಬಿಡುಗಡೆಯಾಗುತ್ತಿದೆ. ಸಣ್ಣ ಆಸ್ಪತ್ರೆ ಪ್ರತಿ ತಿಂಗಳೂ ಬದಲಿಸುವ ಅಗತ್ಯವಿಲ್ಲ, ಆರು ತಿಂಗಳಿಗೊಮ್ಮೆ ಸಾಕು. ಹೊಸದು ಹಾಕಿದ ದಿನ ಕಿರುಪಟ್ಟಿಯ ಇನ್ನೂರು ಸಂಖ್ಯೆಗಳಲ್ಲಿ ಯಾವುದಾದರೂ ನಿವೃತ್ತವಾಗಿದೆಯೇ, ಅಂದರೆ ‘ಆಕ್ಟಿವ್’ ಕಾಲಮ್ಮಿನಲ್ಲಿ 0 ಆಗಿದೆಯೇ ನೋಡಿ. ನಿವೃತ್ತವಾದದ್ದಕ್ಕೆ ಬದಲಿ ಯಾವುದೆಂದು ಹೇಳುವ ಕೊಂಡಿಗಳು ಅದೇ ಬಿಡುಗಡೆಯಲ್ಲಿರುತ್ತವೆ. ‘ಸೇಮ್ ಆಸ್’, ‘ರಿಪ್ಲೇಸ್ಡ್ ಬೈ’ ಎಂದಿದ್ದರೆ ಪಟ್ಟಿಯಲ್ಲಿ ಬದಲಿಸಬಹುದು. ‘ಪಾಸಿಬ್ಲಿ ಈಕ್ವಿವಲೆಂಟ್ ಟು’ ಎಂದಿದ್ದರೆ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಬದಲಾವಣೆ ಇನ್ನು ಮುಂದೆ ಬರುವ ರೋಗಿಗಳಿಗೆ ಮಾತ್ರ. ಹಳೇ ದಾಖಲೆಗಳಲ್ಲಿನ ಕೋಡ್ ಆ ದಿನ ಬರೆದಂತೆಯೇ ಇರಬೇಕು, ವರದಿ ತೆಗೆಯುವಾಗ ಕೊಂಡಿ ಹಿಡಿದು ಹೊಸದಕ್ಕೆ ಸೇರಿಸಿಕೊಳ್ಳಿ.